ಮೊಲದಿಂದ ಮೊಲಕ್ಕೆ

ಗುರುಪಾದ ಮಾವನ ಮೊಲಗಳನ್ನು ಸಾಯಿಸಿದವಳು ನಾನು. ಶಿವಲೀಲಾ ಅಲ್ಲ.

ಈ ಎರಡು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು. ಬರೆದ ಮೇಲೆ ನೋಡಿದರೆ ಎಷ್ಟು ಸಣ್ಣವು — ಒಂದು ಪೋಸ್ಟ್‌ಕಾರ್ಡಿನ ಮೂಲೆಯಲ್ಲಿ ಹಿಡಿಸುತ್ತಿದ್ದವು. ನಾನು ಆ ಕಾರ್ಡು ಹಾಕಲಿಲ್ಲ. ಪುಣೆಯ ನಮ್ಮ ಕನ್ನಡ ಬಳಗದ ಈ ವಾರ್ಷಿಕ ಸಂಚಿಕೆ ನೆಂಟರ ಮನೆಗಳಿಗೆಲ್ಲ ಹೋಗುತ್ತದೆ. ದೇಹೂ ರೋಡಿನವರು ಓದುತ್ತಾರೆ, ಕ್ಯಾಂಪಿನವರು ಓದುತ್ತಾರೆ, ಓದದವರಿಗೆ ಓದಿದವರು ಫೋನು ಮಾಡಿ ಹೇಳುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಶಿವಲೀಲಾಳ ಮೇಲೆ ಆ ಮಾತು ಬಿದ್ದದ್ದು ಮಂದಿಯ ಎದುರಿಗೆ. ಅದನ್ನು ತೆಗೆಯುವುದೂ ಮಂದಿಯ ಎದುರಿಗೇ ಆಗಬೇಕು.

ನನ್ನನ್ನು ಬಲ್ಲವರಿಗೆ ಗೊತ್ತು, ನಾನು ಚಿಂತೆಯ ಹೆಂಗಸು. ಬೀಗ ಹಾಕಿ ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಬೀಗ ಜಗ್ಗಿ ನೋಡುವವಳು. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಓಡಿ ಬಂದು, ಅಂದು ಒಲೆಯನ್ನೇ ಹಚ್ಚಿರಲಿಲ್ಲ ಎಂದು ಕಂಡುಕೊಂಡವಳು. ಪ್ರಾಣಿಗಳ ರೋಗ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಈ ಚಿಂತೆಗೆ ಸಂಬಳವೂ ಬರತೊಡಗಿತು. ಕೈ ತೊಳೆದು ತೊಳೆದು ಬೆರಳು ಸುಕ್ಕಾಗಿದ್ದವು. ‘ನಮ್ಮ ಸುಮಾನ್ನ ಮದುವಿ ಆಗಾಂವ ಸಾಬೂನಿನ ಫ್ಯಾಕ್ಟರಿ ಮಾಲಕನ ಇರಬೇಕು’ ಎಂದು ಮಾವ ನಗುತ್ತಿದ್ದರು. ಊರಿನ ಎಲ್ಲ ಅಪಾಯಗಳಿಗೂ ಮುಂಚಿತವಾಗಿ ಹೆದರಿಟ್ಟುಕೊಂಡಿದ್ದ ನಾನು, ನಾನೇ ಒಂದು ಅಪಾಯವಾಗಿ ಅವರ ಮನೆಯೊಳಗೆ ನಡೆದು ಹೋದದ್ದನ್ನು ಮಾತ್ರ —

ಮೊದಲಿನಿಂದ ಹೇಳುತ್ತೇನೆ.

ಗುರುಪಾದ ಮಾವ ನನ್ನ ತಾಯಿಯ ಅಣ್ಣ. ಬಾಗಲಕೋಟೆಯ ಕಡೆಯಿಂದ ಬಂದು ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ತಳೇಗಾಂವದಲ್ಲಿ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು ಮೊಲ ಸಾಕಲು ಶುರು ಮಾಡಿದರು. ಬಿಳಿ ಮೊಲಗಳು, ಕೆಂಪು ಕಣ್ಣಿನವು. ಅತ್ತಿ — ಅಂದರೆ ಅವರ ಹೆಂಡತಿ — ಮೊದಲ ತಿಂಗಳು ಶೆಡ್ಡಿನ ಕಡೆ ಮುಖ ಹಾಕಲಿಲ್ಲ. ಓಣಿಯ ಮರಾಠಿ ಮಕ್ಕಳು ಮಾವನನ್ನು ‘ಸಸೇವಾಲೇ ಕಾಕಾ’, ಮೊಲದ ಕಾಕಾ, ಎಂದು ಕರೆಯತೊಡಗಿದರು. ಮಾವನಿಗೆ ಆ ಹೆಸರು ಇಷ್ಟವಾಯಿತು. ಡಿಪೋದಲ್ಲಿ ತಮ್ಮನ್ನು ಗದರಿಸಿದ ಅಧಿಕಾರಿಗಳ ದರ್ಜೆಗಳನ್ನೆಲ್ಲ ಮೊಲಗಳಿಗೆ ಇಟ್ಟಿದ್ದರು. ದೊಡ್ಡ ಗಂಡು ಮೊಲದ ಹೆಸರು ಕರ್ನಲ್. ‘ಈಗ ನೋಡವಾ, ಕರ್ನಲ್ ಸಾಹೇಬ್ರು ನನ್ನ ಕೈಯಾಗ ಹುಲ್ಲು ತಿಂತಾರ’ ಎಂದು ಹೇಳಿ ಅದರ ಕಿವಿಯ ಹಿಂದೆ ಕೆರೆಯುತ್ತಿದ್ದರು.

ಶಿವಲೀಲಾ ಅವರ ಸೊಸೆ, ಅವರ ಮಗ ಬಸೂನ ಹೆಂಡತಿ. ಯಾದಗಿರಿ ಕಡೆಯವಳು. ತಂದೆತಾಯಿ ಪುಣೆಯಲ್ಲಿ ಗೌಂಡಿ ಕೆಲಸಕ್ಕೆ ಬಂದವರು; ಕಟ್ಟುತ್ತಿರುವ ಮನೆಗಳ ಉಸುಕಿನ ರಾಶಿಯ ಮೇಲೆ ಆಡಿ ಬೆಳೆದ ಹುಡುಗಿ. ಅವಳನ್ನು ಮೆಚ್ಚಿ ತಂದವರು ಮಾವ. ಅತ್ತಿಗೆ ಒಪ್ಪಿಗೆಯಿರಲಿಲ್ಲ. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಆ ಮನೆಯಲ್ಲಿ ಅವಳ ಕಾಲು ಇನ್ನೂ ಊರಿರಲಿಲ್ಲ. ಇದು ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು.

ಆ ವಾರ ಸಾಸವಡದ ಕಡೆಯ ಒಂದು ಫಾರ್ಮಿನಲ್ಲಿ ಮೊಲಗಳು ಸಾಯುತ್ತಿವೆ ಎಂದು ನಮ್ಮ ಪ್ರಯೋಗಾಲಯಕ್ಕೆ ಸುದ್ದಿ ಬಂತು. ಸಂಜೆ ಚೆನ್ನಾಗಿ ತಿಂದದ್ದು ಬೆಳಿಗ್ಗೆ ಸತ್ತಿರುತ್ತಿತ್ತು, ಮೂಗಿನ ತುದಿಯಲ್ಲಿ ರಕ್ತ. ಮೊಲಗಳಲ್ಲಿ ಹೀಗೆ ಒಳಗೊಳಗೇ ರಕ್ತ ಒಡೆದು ಕೊಲ್ಲುವ ಒಂದು ವೈರಸ್ಸಿನ ಬಗ್ಗೆ ನಾವು ಓದಿದ್ದೆವು. ಯಕೃತ್ತಿನ ತುಣುಕು ತರಲು ನನ್ನನ್ನು ಕಳಿಸಿದರು. ನಿಯಮ ಸರಳವಾಗಿತ್ತು: ಬೇನೆ ಬಿದ್ದ ಕಡೆಗೆ ಹೋದವರು ಅಲ್ಲಿ ಹಾಕಿದ ಬೂಟು ಅಲ್ಲೇ ಬಿಡಬೇಕು, ಆಮೇಲೆ ಸ್ವಲ್ಪ ದಿನ ಬೇರೆ ಪ್ರಾಣಿಗಳ ಹತ್ತಿರ ಸುಳಿಯಬಾರದು. ಪ್ರಯೋಗಾಲಯದ ರಬ್ಬರ್ ಬೂಟುಗಳೆಲ್ಲ ಗಂಡಸರ ಅಳತೆಯವು. ಹಾಕಿಕೊಂಡರೆ ಬಾತುಕೋಳಿಯ ಹಾಗೆ ನಡೆಯುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ನಗೆಗೆ ಹೆದರಿ ನನ್ನ ಕ್ಯಾನ್ವಾಸ್ ಬೂಟು ಹಾಕಿಕೊಂಡೇ ಹೋದೆ. ಬಂದು ಕೈ ತೊಳೆದೆ. ಮತ್ತೆ ತೊಳೆದೆ. ಬೂಟಿನ ನೆನಪಾಗಲಿಲ್ಲ.

ಆ ಭಾನುವಾರವೇ ಮಾವ ಊಟಕ್ಕೆ ಕರೆದಿದ್ದರು. ಲೋಣಾವಳಾ ಲೋಕಲ್‌ನಲ್ಲಿ ಕೂತು, ಪ್ರಯೋಗಾಲಯದ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿತ್ತೇ ಎಂದು ತಳೇಗಾಂವದವರೆಗೂ ಚಿಂತಿಸಿದೆ. ಕಾಲಲ್ಲಿ ಅದೇ ಬೂಟು.

ಶೆಡ್ಡಿನೊಳಗೆಲ್ಲ ಅಡ್ಡಾಡಿದೆ. ಹಾಸಿದ ಹುಲ್ಲಿನ ಮೇಲೆ ನಡೆದೆ. ಕರ್ನಲ್‌ನನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡೆ.

ಅಡಿಗೆಮನೆಯಿಂದ ಶಿವಲೀಲಾ ಕೈಮಾಡಿ ಕರೆದಳು. ಅವಳ ರೊಟ್ಟಿಬುಟ್ಟಿಯಲ್ಲಿ, ಹಳೆಯ ಕುಪ್ಪಸದ ಬಟ್ಟೆಯ ಮೇಲೆ, ಒಂದು ಮುಷ್ಟಿಯಷ್ಟು ಕಂದು ಜೀವ ಕೂತಿತ್ತು.

‘ಅಕ್ಕಾರ, ನೋಡ್ರಿ ಇಲ್ಲಿ. ಅಲ್ಲಿ ಹೊಸಾ ಫ್ಯಾಕ್ಟ್ರಿಗಿ ಜಾಗಾ ಸಪಾಟ ಮಾಡ್ಲಿಕತ್ತಾರ. ನಾ ಮೊಲಕ್ಕ ಹುಲ್ಲು ಕೊಯ್ಲಿಕ್ಕೆ ಹೋಗಿದ್ದೆ. ಮಶೀನ್ ಇನ್ನೇನ ಇದರ ಮ್ಯಾಲ ಹೋಗೂದಿತ್ತು.’

‘ಕಾಡುಮೊಲದ ಮರಿ ಇದು,’ ಎಂದೆ.

‘ಹೌದೇನ್ರಿ? ಅದಕ್ಕ! ಮಾವಾರ ಮೊಲದ ಮರಿ ಹುಟ್ಟಿದಾಗ ಬತ್ತಲೆ ಇರ್ತಾವ, ಇಲಿಮರಿ ಹಂಗ. ಇದು ನೋಡ್ರಿ, ಕೂದಲಾ ಕಣ್ಣಾ ಎಲ್ಲಾ ತಗೊಂಡ ಬಂದದ.’

‘ಎಲ್ಲಾ ತಯಾರಾಗಿ ಬಂದದ, ನಿನ್ನಂಗ.’

‘ನನ್ನಂಗ ಎಲ್ಲೀದರಿ! ನನಗಿನ್ನಾ ಚಹಾ ಮಾಡ್ಲಿಕ್ಕೆ ಬರಂಗಿಲ್ಲಂತ. ಅತ್ತೆವ್ವಾರನ ಕೇಳ್ರಿ.’ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು.

ಅವಳು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಿಲ್ಲ.

ಎರಡು-ಮೂರು ದಿನ ಕಳೆದಿರಬೇಕು. ಎಸ್‌ಟಿಡಿ ಬೂತಿನಿಂದ ಬಸೂ ಫೋನು ಮಾಡಿದ. ‘ಸುಮಕ್ಕಾ, ಲಗೂನ ಬಾ. ಅಪ್ಪಾ ಶೆಡ್ಡಿನ್ಯಾಗ ಕುಂತಾನ, ಏಳವಲ್ಲ.’ ಈ ಸಲ ನಾನು ರಬ್ಬರ್ ಬೂಟು, ಕೈಗವಸು, ಮುಖವಾಡ ಎಲ್ಲ ತೆಗೆದುಕೊಂಡು ಹೋದೆ. ಬಾತುಕೋಳಿಯ ಹಾಗೆ ನಡೆದು ಒಳಗೆ ಹೋದೆ. ಯಾರೂ ನಗಲಿಲ್ಲ.

ಕತ್ತು ಹಿಂದಕ್ಕೆ ಎಸೆದು ಬಿದ್ದಿದ್ದವು, ಸಾಲಾಗಿ. ಮೂಗಿನಲ್ಲಿ ರಕ್ತ. ಕರ್ನಲ್ ಮಾವನ ತೊಡೆಯ ಮೇಲಿದ್ದ. ಎಳೆಯ ಮರಿಗಳು ಮಾತ್ರ ಬದುಕಿದ್ದವು — ಈ ಬೇನೆ ಹಸುಗೂಸುಗಳನ್ನು ಮುಟ್ಟುವುದಿಲ್ಲ — ಸತ್ತ ತಾಯಿಯ ಹೊಟ್ಟೆ ಹುಡುಕುತ್ತಿದ್ದವು. ಶಿವಲೀಲಾ ಅವನ್ನು ಮಡಿಲಲ್ಲಿಟ್ಟುಕೊಂಡು ಹತ್ತಿಯ ಬತ್ತಿಯಿಂದ ಹಾಲು ಹಾಕುತ್ತಿದ್ದಳು. ಆ ದೃಶ್ಯ ಕಂಡ ಕ್ಷಣವೇ ನನಗೆ ತಿಳಿಯಿತು. ಪರೀಕ್ಷೆ ಬೇಕಿರಲಿಲ್ಲ. ಸಾಸವಡದಲ್ಲಿ ಕಂಡದ್ದೇ ಇಲ್ಲಿ ಬಿದ್ದಿತ್ತು, ನಡುವೆ ಹೋಗಿ ಬಂದದ್ದು ನಾನೊಬ್ಬಳೇ.

ಓಣಿಯವರು ಸೇರಿದ್ದರು. ನೆಂಟರೂ ಬಂದಿದ್ದರು. ಮಾವ ತಲೆಯೆತ್ತಿ ನನ್ನನ್ನು ನೋಡಿದರು.

‘ಸುಮಾ, ನೀ ಕಲತಾಕಿ. ನೀನ ಹೇಳವಾ. ಎಲ್ಲಿಂದ ಬಂತು ಇದು?’

ಆಗ ನಾನು ಆಡಿದ ಮಾತು:

‘ಮೊಲದಿಂದ ಮೊಲಕ್ಕ ಬರ್ತದ ಮಾವಾ.’

ಓದುಗರು ದಯವಿಟ್ಟು ಗಮನಿಸಿ — ಇದರಲ್ಲಿ ಸುಳ್ಳಿಲ್ಲ. ಒಂದು ಅಕ್ಷರವೂ ಸುಳ್ಳಿಲ್ಲ. ಸಾಸವಡದ ಮೊಲದಿಂದ ತಳೇಗಾಂವದ ಮೊಲಕ್ಕೇ ಬಂದಿತ್ತು. ಆದರೆ ಪ್ರಯೋಗಾಲಯದಲ್ಲಿ ನಮಗೆ ಎರಡು ಮಾತುಗಳಿದ್ದವು: ಸಾಕಿದ್ದು ರ್‍ಯಾಬಿಟ್, ಹುಲ್ಲುಗಾವಲಿನದು ಹೇರ್. ಎರಡು ಬೇರೆ ಪ್ರಾಣಿಗಳು. ಬೇರೆ ರೂಢಿ, ಬೇರೆ ಬಸಿರು. ಮನೆಯಲ್ಲಿ ನಮಗಿರುವುದು ಒಂದೇ ಮಾತು. ಮರಾಠಿಗೆ ಹೋದರೂ ಒಂದೇ, ಸಸಾ. ಆ ಒಂದು ಮಾತಿನ ಹಿಂದೆ ನಾನು ಅಡಗಿ ಕೂತೆ. ಅದರ ಹಿಂದೆ ಅಡಗಲು ನನಗೆ ಎಷ್ಟು ಜಾಗವಿದೆ ಎಂದು ಬಾಯಿ ತೆರೆಯುವ ಮುಂಚೆಯೇ ಅಳೆದಿದ್ದೆ — ಅನ್ನಿಸುತ್ತದೆ. ಇಲ್ಲ, ಅನ್ನಿಸುವುದೇನು. ಅಳೆದಿದ್ದೆ.

ಎಲ್ಲರ ಕಣ್ಣು ಅಡಿಗೆಮನೆಯ ಕಡೆ ಹೊರಳಿತು.

ಅತ್ತಿ ಒಳಗೆ ಹೋಗಿ ರೊಟ್ಟಿಬುಟ್ಟಿ ಎತ್ತಿಕೊಂಡು ಬಂದರು. ಕಂದು ಮರಿ ಅದರಲ್ಲಿ ಕೂತು ಹುಲ್ಲಿನ ಎಳೆಯೊಂದನ್ನು ಕಡಿಯುತ್ತಿತ್ತು.

‘ನೋಡ್ರೆವಾ, ಎಲ್ಲಾ ಸತ್ತು, ಇದೊಂದ ಗಟ್ಟಿ ಅದ! ಅಡವ್ಯಾನ ಬ್ಯಾನಿ ಸೆರಗಿನ್ಯಾಗ ಕಟಗೊಂಡ ಬಂದಾಳ. ಬಂದ ಆರ ತಿಂಗಳಾಗಿಲ್ಲ. ಕಾಲ್ಗುಣಾ ಅಂದ್ರ ಇದು.’

ಕಾಲ್ಗುಣ. ಸೊಸೆ ಹೊಸ್ತಿಲು ದಾಟಿ ಬಂದಾಗ ಅವಳ ಕಾಲಿನೊಂದಿಗೆ ಮನೆಗೆ ಏನು ಬಂತೆಂದು ನಾವು ನೋಡುತ್ತೇವಲ್ಲ, ಅದು. ನಾನು ಇಂಥ ಮಾತುಗಳಿಗೆ ನಗುತ್ತಿದ್ದವಳು. ಅಂದು ನಾನು ನನ್ನ ಕಾಲು ನೋಡಿಕೊಂಡೆ. ರಬ್ಬರ್ ಬೂಟು ಥಳಥಳ ಹೊಳೆಯುತ್ತಿತ್ತು.

ಶಿವಲೀಲಾ ಹಾಲಿನ ಬತ್ತಿ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಅತ್ತೆಯ ಕಡೆ ಅಲ್ಲ, ಗಂಡನ ಕಡೆ ಅಲ್ಲ — ನನ್ನ ಕಡೆ. ‘ಅಕ್ಕಾರ, ಹೌದೇನ್ರಿ?’

ಆಗಲಾದರೂ ಹೇಳಬಹುದಿತ್ತು. ‘ಅಲ್ಲ’ ಎಂದಿದ್ದರೆ ಸಾಕಿತ್ತು. ಸಾಕಿದ ಮೊಲದ ಈ ವೈರಸ್ಸಿಗೂ ಯುರೋಪಿನ ಕಾಡುಮೊಲಗಳಲ್ಲಿ ಕಂಡ ವೈರಸ್ಸಿಗೂ ನೆಂಟಸ್ತನವಿದೆ, ಆದರೆ ಅವು ಬೇರೆ ಬೇರೆ ಎಂದು ನಾನು ಓದಿದ್ದೆ. ಎಂದೋ ಒಂದೇ ಮೂಲದಿಂದ ಕವಲೊಡೆದವು. ಅಡ್ಡಹೆಸರು ಒಂದೇ ಆದ ಎರಡು ಮನೆತನಗಳ ಹಾಗೆ. ಮೊಲದ್ದು ಮೊಲದಲ್ಲಿ, ಕಾಡುಮೊಲದ್ದು ಕಾಡುಮೊಲದಲ್ಲಿ; ಒಬ್ಬರ ಮನೆಯಲ್ಲಿ ಒಬ್ಬರು ಉಣ್ಣುವುದಿಲ್ಲ. ಆ ಮರಿ ಗಟ್ಟಿಯಾಗಿ ಇದ್ದದ್ದೇ ಅದರ ಪಾಲಿನ ಸಾಕ್ಷಿಯಾಗಿತ್ತು. ಅದನ್ನೇ ಅಪರಾಧ ಮಾಡಿದರು, ನಾನು ನೋಡುತ್ತ ನಿಂತೆ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ; ನಿಯಮ ಮುರಿದದ್ದು ತಿಳಿದರೆ ಎಂಬ ಭಯವಿತ್ತು. ಅದಕ್ಕಿಂತ ಹೆಚ್ಚಾಗಿ, ಮಾವ ನನ್ನನ್ನು ‘ನೀ ಕಲತಾಕಿ’ ಎಂದು ನೋಡುವ ಆ ನೋಟ — ಅದು ಹೋದರೆ ಎಂಬ ಭಯ. ಇವು ಕಾರಣಗಳು. ನೆಪವಾಗಿ ಕೊಡುತ್ತಿಲ್ಲ, ಎಷ್ಟು ಸಣ್ಣ ಕಾರಣಗಳಿಗೆ ಒಬ್ಬಳನ್ನು ಮಾರಬಹುದು ಎಂಬುದು ಗೊತ್ತಿರಲಿ ಎಂದು ಬರೆದೆ.

‘ಟೆಸ್ಟ್ ಮಾಡಿ ನೋಡಬೇಕವಾ,’ ಎಂದೆ.

ಮಾವನ ಮೊಲದ ಯಕೃತ್ತಿನ ತುಣುಕು ತೆಗೆದುಕೊಂಡು ಬಂದೆ. ಆ ಕಾಡುಮರಿಯ ಒಂದು ಹನಿ ರಕ್ತವನ್ನೂ ತೆಗೆದುಕೊಳ್ಳಲಿಲ್ಲ. ನಾನು ಹೊರಡುವ ಮುಂಚೆ ಬಸೂ ಅದನ್ನು ರೈಲು ಹಳಿಯ ಆಚೆ ಬಿಟ್ಟು ಬರುತ್ತೇನೆಂದು ಕೇಳಿದ. ಅವಳೇ ಕೊಟ್ಟಳು. ಬಟ್ಟೆಯನ್ನು ಅದರ ಮೈಗೆ ಸುತ್ತಿ, ‘ಥಂಡಿ ಅದ, ಬಿಚ್ಚಬ್ಯಾಡ್ರಿ’ ಎಂದಳು. ಅಲ್ಲಿ ನಾಯಿಗಳಿರುವುದು ಎಲ್ಲರಿಗೂ ಗೊತ್ತಿತ್ತು. ಬಸೂ ಬರಿಗೈಯಲ್ಲಿ ತಿರುಗಿ ಬಂದ.

ಮಾವ ಮತ್ತೆ ಮೊಲ ತರಲಿಲ್ಲ. ಉಳಿದ ಮರಿಗಳನ್ನು ಯಾರಿಗೋ ಕೊಟ್ಟರು, ಒಂದು ಕಾರ್ಖಾನೆಯ ಗೇಟಿನಲ್ಲಿ ಕೆಲಸ ಹಿಡಿದರು. ಸೊಸೆಯನ್ನು ಅವರು ಒಮ್ಮೆಯೂ ಬೈಯಲಿಲ್ಲ. ಆದರೆ ಬಂದವರ ಮುಂದೆ, ‘ನಮ್ಮ ಸುಮಾ ಇದ್ದಳಂತ ಕಾರಣಾನರ ತಿಳೀತು’ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಸಾಯುವವರೆಗೂ ಹೇಳಿದರು. ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತಿದ್ದೆ.

ಆ ಮೊದಲ ವರ್ಷ ಹೋದಾಗಲೆಲ್ಲ ಶಿವಲೀಲಾ ಚಹಾದ ಕಪ್ಪು ಕೊಡುತ್ತ, ಯಾರಿಗೂ ಕೇಳದ ಹಾಗೆ ಕೇಳುತ್ತಿದ್ದಳು: ‘ಅಕ್ಕಾರ, ಟೆಸ್ಟ್ ಆತೇನ್ರಿ?’

‘ಇನ್ನಾ ಇಲ್ಲವಾ. ಭಾಳ ಕೆಲಸ ಅದ ಲ್ಯಾಬಿನ್ಯಾಗ.’

ಹೀಗೆ ಎಷ್ಟೋ ಸಲ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು. ನನಗೆ ಹಗುರವೆನಿಸಿತು — ಇದನ್ನೂ ಬರೆಯಬೇಕು — ಹಗುರವೆನಿಸಿತು.

ಕೆಲವು ವರ್ಷಗಳ ಮೇಲೆ ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ನಮ್ಮಲ್ಲಿ ಹೆಂಗಸರು ತೊಟ್ಟಿಲಿನ ಆಚೆ ಈಚೆ ನಿಂತು ಕೂಸನ್ನು ತೊಟ್ಟಿಲ ಮೇಲಿನಿಂದ, ಕೆಳಗಿನಿಂದ ಕೈಯಿಂದ ಕೈಗೆ ದಾಟಿಸುತ್ತಾರಲ್ಲ — ಶಿವಲೀಲಾಳ ಸರದಿ ಬಂತು. ಅವಳು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

‘ನಾ ಬ್ಯಾಡ್ರಿ ಅಕ್ಕಾರ. ಸಣ್ಣ ಜೀವಕ್ಕ ನನ್ನ ಕೈ ಚಲೋ ಅಲ್ಲ.’

ಅತ್ತಿ, ‘ಬಿಡ್ರಿ, ಆಕಿಗೆ ಆಕೀದು ಗೊತ್ತದ’ ಎಂದರು. ಕೂಸು ಮುಂದಿನವರ ಕೈಗೆ ಹೋಯಿತು. ಊಟದ ಹೊತ್ತಿಗೆ ಬಸೂ ನಗುತ್ತ ಹೇಳಿದ: ‘ನಮ್ಮ ಹುಡುಗ ಹುಟ್ಟಿದಾಗೂ ಹಿಂಗ ಮಾಡ್ಯಾಳ ಸುಮಕ್ಕಾ. ಹಾಲ ಕುಡಿಸೂವಾಗಷ್ಟ ತಗೋತಿದ್ದಳು. ಕುಡಿಸಿದಾಕಿನ ಅವ್ವನ ಕೈಯಾಗ ಕೊಟ್ಟು ಹೊರಗ ಹೋಗಿ ಕೂಡತಿದ್ದಳು. ಹುಚ್ಚಿ.’

ನನ್ನ ಎಲೆಯಲ್ಲಿ ಹೋಳಿಗೆ ಇತ್ತು. ತಿಂದೆ ಎಂದು ನೆನಪು.

ನಮ್ಮ ಪ್ರಯೋಗಾಲಯದಲ್ಲಿ ವೈರಸ್ಸುಗಳ ವಂಶವಾಹಿ ಓದುವ ಕೆಲಸ ಶುರುವಾದದ್ದು ಅದಾದ ಮೇಲೆ. ಮಾನಸಿ ಎಂಬ ಮರಾಠಿ ಹುಡುಗಿ, ಸಂಶೋಧನೆಗೆಂದು ಬಂದವಳು, ಹಳೆಯ ಫ್ರೀಜರಿನಲ್ಲಿದ್ದ ಮೊಲದ ತುಣುಕುಗಳನ್ನೆಲ್ಲ ಹೊರತೆಗೆದಳು. ಒಂದು ಮಧ್ಯಾಹ್ನ ಕಂಪ್ಯೂಟರಿನ ಮುಂದೆ ನನ್ನನ್ನು ಕರೆದಳು. ಪರದೆಯ ಮೇಲೆ ವಂಶವೃಕ್ಷ — ನಮ್ಮ ಮನೆಗಳಲ್ಲಿ ಅಜ್ಜ ಮುತ್ತಜ್ಜರದು ಬರೆದಿಡುತ್ತಾರಲ್ಲ, ಹಾಗೆಯೇ, ಆದರೆ ವೈರಸ್ಸುಗಳದು. ಯುರೋಪಿನ ಕಾಡುಮೊಲದ ವೈರಸ್ಸು ದೂರದ ಕೊಂಬೆಯಲ್ಲಿ ಬೇರೆಯೇ ನಿಂತಿತ್ತು. ಈಚೆ, ಮೊಲದ ಕೊಂಬೆಯಲ್ಲಿ, ಒಂದೇ ಎಳೆಯ ತುದಿಗೆ ಎರಡು ಹೆಸರು ಅಂಟಿಕೊಂಡಿದ್ದವು: ಸಾಸವಡ. ತಳೇಗಾಂವ.

‘ಮ್ಯಾಡಮ್, ಹೀ ದೋನ್ ತರ್ ಏಕ್‌ಚ ಆಹೇತ್,’ ಎಂದಳು ಮಾನಸಿ. ಇವೆರಡೂ ಒಂದೇ ಇವೆಯಲ್ಲ. ‘ಇಲ್ಲಿಂದ ಅಲ್ಲಿಗೆ ಹೇಗೆ ಹೋಗಿರಬಹುದು?’

‘ನಡೆದುಕೊಂಡು,’ ಎಂದೆ. ಅವಳು ಹಾಸ್ಯವೆಂದು ನಕ್ಕಳು.

ಅಂದೇ ತಳೇಗಾಂವಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಮಾವನ ಕಾಯಿಲೆ, ಮಗಳ ಶಾಲೆ, ಮಾವನ ಸಾವು, ವರ್ಷದ ಕಾರ್ಯ. ಚಿಂತೆಯ ಹೆಂಗಸಿಗೆ ಮುಂದೂಡಲು ಕಾರಣಗಳ ಬರವಿಲ್ಲ. ಈ ವರ್ಷ ಅತ್ತಿಯೂ ತೀರಿಕೊಂಡರು. ಶಿವಲೀಲಾಳನ್ನು ದೂರಿದ ಬಾಯಿ, ಆ ದೂರನ್ನು ಹಿಂದೆ ತೆಗೆದುಕೊಳ್ಳಬಹುದಾಗಿದ್ದ ಬಾಯಿ, ಮುಚ್ಚಿಹೋಯಿತು. ಆಮೇಲೆ ಹೋದೆ.

ಶಿವಲೀಲಾ ಈಗ ಕಾರ್ಖಾನೆಯ ಹುಡುಗರಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ಒಲೆಯ ಮುಂದೆ ಕೂತು ಬಡಿಯುತ್ತಿದ್ದಳು. ನಾನು ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ಬಂದು ನೆಲದ ಮೇಲೆ ಕೂತೆ.

‘ಲೀಲಾ, ಆ ಟೆಸ್ಟ್ ಆತು,’ ಎಂದೆ.

ಯಾವ ಟೆಸ್ಟ್ ಎಂದು ಅವಳು ಕೇಳಲಿಲ್ಲ. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಂತಿತು.

ಎಲ್ಲ ಹೇಳಿದೆ. ಸಾಸವಡ, ಬೂಟು, ಮೊಲ ಎಂಬ ಒಂದು ಮಾತು, ಎರಡು ಹೆಸರುಗಳ ಆ ಎಳೆ. ಹೇಳುತ್ತ ಅತ್ತುಬಿಟ್ಟೆ, ಅಳು ಬಂದದ್ದಕ್ಕೆ ನಾಚಿಕೆಯಾಯಿತು, ಅಳಬೇಕಾದವಳು ಎದುರಿಗೆ ಒಣಗಣ್ಣಿನಲ್ಲಿ ಕೂತಿದ್ದಳು. ತವೆಯ ಮೇಲಿನ ರೊಟ್ಟಿ ಸೀಯತೊಡಗಿತು. ಅವಳು ಅದನ್ನು ತೆಗೆಯಲಿಲ್ಲ.

‘ಹಂಗಾರ ಅದರದೇನೂ ತಪ್ಪಿರಲಿಲ್ಲ?’ ಎಂದಳು ಕೊನೆಗೆ.

‘ನಿಂದೇನೂ ಇರಲಿಲ್ಲ ಲೀಲಾ, ಎಲ್ಲಾ ನಂದ —’

‘ನಂದಲ್ರಿ ಅಕ್ಕಾರ. ಆ ಮರೀದು.’

ನಾನು ಇಲ್ಲವೆಂದು ತಲೆಯಾಡಿಸಿದೆ.

ಅವಳು ತನ್ನ ಹಿಟ್ಟಿನ ಕೈಗಳನ್ನು ನೋಡಿಕೊಂಡಳು. ‘ನಾನ ಕೊಟ್ಟೆ ಅದನ್ನ. ಅವರು ಕೇಳಿದ ಕೂಡ್ಲೆ ಕೊಟ್ಟಬಿಟ್ಟೆ. ಈ ಕೈಲೆ. ನನ್ನ ಕೈಯಾಗಿಂದ ಹೋಗಲಾರದ ಬಟ್ಟಿ ಕಚ್ಚಿ ಹಿಡಕೊಂಡಿತ್ತರಿ ಅದು.’

ಸ್ವಲ್ಪ ಹೊತ್ತಿಗೆ ಸೀದ ರೊಟ್ಟಿ ತೆಗೆದು ಬದಿಗಿಟ್ಟು, ಹೊಸ ಹಿಟ್ಟು ಮಿದಿದು, ಬಡಿಯತೊಡಗಿದಳು. ನಾನು ಎದ್ದೆ. ಹೊರಗೆ ಚಪ್ಪಲಿ ಮೆಟ್ಟುವಾಗ ಒಳಗಿನಿಂದ ಅವಳ ದನಿ ಬಂತು. ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

‘ಅಕ್ಕಾರ, ಇನ್ನ ಸ್ವಲ್ಪ ದಿನಾ ನಮ್ಮ ಮನೀಗೆ ಬರಬ್ಯಾಡ್ರಿ.’

ಹೋಗಿಲ್ಲ. ಎಷ್ಟು ದಿನ ಎಂದು ಕೇಳಿಲ್ಲ, ಕೇಳುವುದೂ ಇಲ್ಲ. ಬೇನೆ ಹೊತ್ತವರು ದೂರ ಇರಬೇಕೆಂಬ ನಿಯಮ ನನಗೆ ಅಂದೂ ಗೊತ್ತಿತ್ತು. ಈ ಸಲ ಪಾಲಿಸುತ್ತಿದ್ದೇನೆ.